ಹಳೆಯ ಕಾರಿನ ಸಪ್ಪಳ

“ಎಚ್ಚರ ಎಲ್ಲಿ ಮುಗಿಯುತ್ತದೆ, ಭಯ ಎಲ್ಲಿ ಶುರುವಾಗುತ್ತದೆ?” ಎಂದು ಶಿಷ್ಯ ಕೇಳಿದ.

ಮಠದ ಉಗ್ರಾಣದ ಹೊಣೆಯನ್ನು ಅವನಿಗೆ ಒಪ್ಪಿಸಿ ಮೂರು ತಿಂಗಳಾಗಿತ್ತು. ಪಾಠಕ್ಕೆ ಕುಳಿತವನು ನಡುವೆ ಎದ್ದು ಹೋಗಿ ಉಗ್ರಾಣದ ಬಾಗಿಲು ನೋಡಿ ಬರುತ್ತಿದ್ದ. ಊಟಕ್ಕೆ ಕುಳಿತರೂ ಹಾಗೆಯೇ. ಗುರುಗಳು ಅದನ್ನು ಕಂಡಿದ್ದರು.

“ಕುಳಿತುಕೋ” ಎಂದರು ಗುರುಗಳು. “ನನಗೆ ಗೊತ್ತಿರುವ ಒಬ್ಬ ಮುದ್ರಕನ ಸಂಗತಿ ಹೇಳುತ್ತೇನೆ.”

ಒಂದು ಊರಿನಲ್ಲಿ ಒಬ್ಬ ಮುದ್ರಕನಿದ್ದ. ಲಗ್ನಪತ್ರಿಕೆ, ರಸೀದಿ ಪುಸ್ತಕ, ಕರಪತ್ರ ಅಚ್ಚು ಹಾಕಿ ಬದುಕುತ್ತಿದ್ದ. ಅವನ ಕಿವಿ ಬಹಳ ಚುರುಕು. ಯಂತ್ರದ ರೋಲರ್ ಒಣಗಿದ್ದರೆ ಪಕ್ಕದ ಕೋಣೆಯಲ್ಲಿ ಕುಳಿತೇ ಹೇಳುತ್ತಿದ್ದ. ಅವನ ಹೆಂಡತಿಯ ಹೆಸರು ಕಸ್ತೂರಿ. ಮಕ್ಕಳಿರಲಿಲ್ಲ. ಇಬ್ಬರೂ ಮಾತಿನ ಜನ. ಅಚ್ಚಾದ ಹಾಳೆಗಳನ್ನು ಮಡಚುತ್ತಾ ಬೆಳಗಿನಿಂದ ಸಂಜೆಯವರೆಗೆ ಮಾತಾಡುತ್ತಿದ್ದರು.

ಕಸ್ತೂರಿಗೆ ನಲವತ್ತಾರು ವರ್ಷವಾದಾಗ ಅವಳ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದವು. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ನಲವತ್ತು ಕಿಲೋಮೀಟರ್ ದೂರದ ಜಿಲ್ಲಾ ಕೇಂದ್ರಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಬೇಕಾಯಿತು. ಅದಕ್ಕೆಂದು ವೈದ್ಯರು ಅವಳ ಎಡಗೈಯಲ್ಲಿ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದರು. ಆ ಜಾಗದ ಮೇಲೆ ಬೆರಳಿಟ್ಟರೆ ಒಳಗೆ ನೀರು ಓಡಿದಂತೆ ಸಣ್ಣ ನಡುಕ ತಿಳಿಯುತ್ತಿತ್ತು. ಅಲ್ಲಿಯ ಸಿಸ್ಟರ್ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದಳು: “ದಿನಾ ಬೆಳಿಗ್ಗೆ, ಸಂಜೆ ಇಲ್ಲಿ ಮುಟ್ಟಿ ನೋಡಬೇಕು. ಈ ನಡುಕ ನಿಂತಿತೆಂದರೆ ಆ ಗಳಿಗೆಯೇ ಬರಬೇಕು.”

ಮೊದಮೊದಲು ಮುದ್ರಕ ಬೆಳಿಗ್ಗೆ ಎದ್ದ ಕೂಡಲೇ ಹೆಂಡತಿಯ ಕೈ ಹಿಡಿದು ನೋಡುತ್ತಿದ್ದ. ನಡುಕ ಇದೆ ಎಂದು ಖಚಿತವಾದ ಮೇಲೆ ಚಹಾಕ್ಕೆ ನೀರಿಡುತ್ತಿದ್ದ.

ಅವನಲ್ಲಿ ಒಂದು ಸಣ್ಣ ಕಾರಿತ್ತು. ಹದಿನೆಂಟು ವರ್ಷದ್ದು. ಮೊದಲು ಒಬ್ಬ ಪಶುವೈದ್ಯರಲ್ಲಿತ್ತು. ಅವರಿಂದ ಇವನು ಕೊಂಡಿದ್ದ. ಬಣ್ಣ ಮಾಸಿತ್ತು, ಹಿಂದಿನ ಒಂದು ಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತಿತ್ತು, ಆದರೆ ಓಡುತ್ತಿತ್ತು. ಡಯಾಲಿಸಿಸ್ ಆದ ಮೇಲೆ ಕಸ್ತೂರಿಗೆ ನಿಲ್ಲುವ ಶಕ್ತಿ ಇರುತ್ತಿರಲಿಲ್ಲ. ಬಸ್ಸಿನ ಮಾತೇ ಇಲ್ಲ. ಮುಂದಿನ ಸೀಟನ್ನು ಹಿಂದಕ್ಕೆ ಬಾಗಿಸಿ ಅವಳನ್ನು ಮಲಗಿಸಿಕೊಂಡು ಬರುತ್ತಿದ್ದ.

ಒಂದು ಬೇಸಿಗೆಯ ಮಂಗಳವಾರ, ಅರ್ಧ ದಾರಿಯಲ್ಲಿ, ಕಾರಿನ ಮುಂಭಾಗದಿಂದ ಹಬೆ ಎದ್ದಿತು. ರೇಡಿಯೇಟರಿನ ರಬ್ಬರ್ ಪೈಪು ಒಡೆದಿತ್ತು. ಹೋಗಿಬರುವ ಬಸ್ಸುಗಳು ತುಂಬಿದ್ದವು. ಊರಿನ ಮೆಕ್ಯಾನಿಕ್ ದಾವಲಸಾಬ ಹೊಸ ಪೈಪು ಹಿಡಿದು ಮೋಟಾರ್ ಸೈಕಲ್ಲಿನ ಮೇಲೆ ಬರುವಷ್ಟರಲ್ಲಿ ಎರಡೂವರೆ ಗಂಟೆ ಕಳೆದಿತ್ತು. ಅವರು ಆಸ್ಪತ್ರೆ ಮುಟ್ಟಿದಾಗ ಕಸ್ತೂರಿಯ ಸರದಿ ಬೇರೆಯವರಿಗೆ ಹೋಗಿತ್ತು. ನಾಳೆ ಬನ್ನಿ ಎಂದರು. ಮರುದಿನ ಬೆಳಗಾಗುವವರೆಗೆ ಅವಳಿಗೆ ಮಲಗಲಾಗಲಿಲ್ಲ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಗೋಡೆಗೆ ಒರಗಿ ಕುಳಿತು ಬಾಯಿಯಿಂದ ಉಸಿರಾಡುತ್ತಿದ್ದಳು. ಮುದ್ರಕ ಅವಳ ಎದುರು ಕುಳಿತು ಪ್ರತಿಯೊಂದು ಉಸಿರನ್ನೂ ಕೇಳಿದ.

ಆ ದಿನದಿಂದ ಅವನು ಬೇರೆ ಮನುಷ್ಯನಾದ.

ಮೊದಲು ಮಾಡಿದ್ದೆಲ್ಲ ಸರಿಯಾದದ್ದೇ. ದಾವಲಸಾಬನ ಬಳಿ ಹೋಗಿ, ಈ ಕಾರು ದಾರಿಯಲ್ಲಿ ನಿಲ್ಲಬಾರದು, ಏನು ಮಾಡಬೇಕು ಎಂದು ಕೇಳಿದ. ದಾವಲಸಾಬ ಹಳೆಯ ಪೈಪುಗಳನ್ನೆಲ್ಲ ಬದಲಿಸಿದ. ಫ್ಯಾನ್ ಬೆಲ್ಟ್ ಹೊಸದು ಹಾಕಿದ. ಬ್ಯಾಟರಿಯ ತುದಿಗಳಿಗೆ ಕಟ್ಟಿದ್ದ ಬಿಳಿ ಬೂಷ್ಟನ್ನು ಬಿಸಿನೀರಿನಲ್ಲಿ ತೊಳೆದು ಗ್ರೀಸ್ ಹಚ್ಚಿದ. ಆಯಿಲ್ ಕಡ್ಡಿ ಎಳೆದು ಒರೆಸಿ ಮತ್ತೆ ಅದ್ದಿ ನೋಡುವುದನ್ನು ಕಲಿಸಿದ. ಕೂಲೆಂಟು, ಬ್ರೇಕ್ ಆಯಿಲ್ ಎಷ್ಟಿರಬೇಕೆಂದು ತೋರಿಸಿದ. ಹೋಗುವ ದಿನ ಬೆಳಿಗ್ಗೆ ಹತ್ತು ನಿಮಿಷ ಇಷ್ಟು ನೋಡಿದರೆ ಸಾಕು ಎಂದ.

ಹತ್ತು ನಿಮಿಷ ಒಂದು ತಿಂಗಳು ನಡೆಯಿತು. ಆಮೇಲೆ ಅರ್ಧ ಗಂಟೆಯಾಯಿತು. ಆಮೇಲೆ ಹೋಗುವ ದಿನ, ಹೋಗದ ದಿನ ಎಂಬ ಭೇದ ಹೋಯಿತು. ಮುದ್ರಕ ಬೆಳಿಗ್ಗೆ ಎದ್ದವನೇ ಅಂಗಳಕ್ಕೆ ಹೋಗಿ ಬಾನೆಟ್ ಎತ್ತುತ್ತಿದ್ದ. ಕಸ್ತೂರಿ ತನ್ನ ಕೈಯನ್ನು ತಾನೇ ಮುಟ್ಟಿ ನೋಡಿಕೊಳ್ಳತೊಡಗಿದಳು.

ಓಡುವಾಗ ಅವನಿಗೆ ಸಪ್ಪಳಗಳು ಕೇಳಿಸತೊಡಗಿದವು. ಒಂದು ದಿನ ಎಡಗಡೆ ಟಕ್ ಎಂದಿತು. ಇನ್ನೊಂದು ದಿನ ಗೇರು ಬದಲಿಸುವಾಗ ಕೊರ್ ಎಂದಿತು. ಪ್ರತಿಯೊಂದನ್ನೂ ದಾವಲಸಾಬನ ಬಳಿ ತಂದ. ದಾವಲಸಾಬ ಕಾರನ್ನು ಎರಡು ಮೈಲಿ ಓಡಿಸಿಕೊಂಡು ಬಂದು ಕೆಳಗಿಳಿದ.

“ಗಾಡಿ ಆರಾಮ ಐತ್ರಿ ಅಣ್ಣಾರ. ಹದಿನೆಂಟು ವರ್ಷದ ಗಾಡಿ, ಒಂದೀಟು ಮಾತಾಡತೈತಿ. ದಿನಾ ಕೇಳೋ ಸಪ್ಪಳ ಬ್ಯಾರೆ, ಹೊಸಾ ಸಪ್ಪಳ ಬ್ಯಾರೆ. ಹೊಸಾದು ಕೇಳಿದ್ರ ಬರ್ರಿ.”

ಮುದ್ರಕನಿಗೆ ಎಲ್ಲವೂ ಹೊಸದೇ ಆಗಿತ್ತು. ದಾವಲಸಾಬನಿಗೆ ವಯಸ್ಸಾಯಿತು, ಕಿವಿ ಮಂದವಾಗಿದೆ ಎಂದುಕೊಂಡ. ಜಿಲ್ಲಾ ಕೇಂದ್ರದಲ್ಲಿ ಇನ್ನೊಂದು ಗ್ಯಾರೇಜು ಹಿಡಿದ. ಅಲ್ಲಿಯವರು ಅವನು ಬದಲಿಸಿ ಎಂದದ್ದನ್ನೆಲ್ಲ ಬದಲಿಸಿದರು. ಹೊಸ ಭಾಗ ಹಾಕಿಸಿದ ದಿನ ಅವನಿಗೆ ಒಂದು ಸಂಜೆಯ ಮಟ್ಟಿಗೆ ಸಮಾಧಾನ. ಮರುದಿನ, ಹೊಸ ಭಾಗವನ್ನು ಸರಿಯಾಗಿ ಕೂರಿಸಿದ್ದಾರೋ ಇಲ್ಲವೋ ಎಂಬ ಚಿಂತೆ. ಪ್ರೆಸ್ಸಿನಲ್ಲಿ ಅಚ್ಚಿಗೆ ಬಂದ ಲಗ್ನಪತ್ರಿಕೆಯೊಂದರಲ್ಲಿ ಮದುಮಗಳ ಹೆಸರನ್ನೇ ತಪ್ಪು ಜೋಡಿಸಿದ. ಇಪ್ಪತ್ತು ವರ್ಷದಲ್ಲಿ ಅಂಥ ತಪ್ಪು ಅವನಿಂದ ಆಗಿರಲಿಲ್ಲ.

ಬಾಡಿಗೆ ಗಾಡಿ ಮಾಡಿಕೊಂಡು ಹೋಗಬಾರದೇ ಎಂದು ನೆಂಟರು ಕೇಳಿದರು. ಬಾಡಿಗೆ ಗಾಡಿಯ ಒಳಗು ತನಗೆ ಗೊತ್ತಿಲ್ಲ ಎಂದ.

ಅವನು ಬೋಲ್ಟು ತಿರುಗಿಸುವ ಒಂದು ಪಾನಾ ಸೆಟ್ಟು ತಂದುಕೊಂಡ. ಕಾರಿನ ಕೆಳಗೆ ಗೋಣಿ ಹಾಸಿಕೊಂಡು ಮಲಗಿ ಕೈಗೆ ಸಿಕ್ಕ ಬೋಲ್ಟುಗಳನ್ನೆಲ್ಲ ಬಿಗಿ ಮಾಡುತ್ತಿದ್ದ. ನಿನ್ನೆ ಬಿಗಿ ಮಾಡಿದ್ದನ್ನು ಇವತ್ತು ಮತ್ತೆ ಒಂದೆಳೆ ತಿರುಗಿಸುತ್ತಿದ್ದ. ಎಂಜಿನ್ ಆಯಿಲ್ ಇಳಿಸುವ ಬೋಲ್ಟು, ಆಯಿಲ್ ತುಂಬಿರುವ ಚೇಂಬರಿನ ತಳದಲ್ಲಿರುತ್ತದೆ. ಅದು ಎಂದೂ ಸಡಿಲವಾಗಿರಲಿಲ್ಲ. ಒಂದು ಸೋಮವಾರ ಮಧ್ಯಾಹ್ನ ಅವನು ಅದನ್ನು ಮತ್ತೊಮ್ಮೆ ತಿರುಗಿಸಿದಾಗ ಪಾನಾ ಹಗುರಾಯಿತು. ಬೋಲ್ಟು ಕಚ್ಚಿಕೊಳ್ಳುವ ಒಳಗಿನ ಥ್ರೆಡ್ಡು ಸವೆದು ಹೋಗಿತ್ತು. ಆಯಿಲ್ ಮೊದಲು ಹನಿಯಾಗಿ, ಆಮೇಲೆ ದಾರವಾಗಿ ಗೋಣಿಯ ಮೇಲೆ ಸುರಿಯಿತು.

ಮರುದಿನ ಮಂಗಳವಾರ. ಬಿಟ್ಟು ಬಂದಿದ್ದ ದಾವಲಸಾಬನ ಬಳಿಗೇ ಓಡಿದ.

ದಾವಲಸಾಬ ಬಂದು ಕಾರಿನ ಕೆಳಗೆ ಹೋಗಿ ನೋಡಿದ. ಯಾರು ಮಾಡಿದರು ಎಂದು ಕೇಳಲಿಲ್ಲ. ಸಂಜೆಯವರೆಗೆ ಕುಳಿತು ಚೇಂಬರನ್ನು ಬಿಚ್ಚಿ, ಹೊಸದಾಗಿ ಥ್ರೆಡ್ಡು ಕೊರೆದು, ಸ್ವಲ್ಪ ದಪ್ಪದ ಬೋಲ್ಟು ಹಾಕಿ, ಹೊಸ ಆಯಿಲ್ ಸುರಿದ. ಕೈ ಒರೆಸಿಕೊಳ್ಳುತ್ತಾ ಒಂದೇ ಮಾತು ಹೇಳಿದ: “ಇದನ್ನ ಇನ್ನ ಮುಟ್ಟಬ್ಯಾಡ್ರಿ.”

ಮುದ್ರಕ ಆ ಬೋಲ್ಟನ್ನು ಮುಟ್ಟಲಿಲ್ಲ. ಆದರೆ ಆಯಿಲ್ ಸೋರುತ್ತಿದೆಯೋ ಎಂದು ಕಾರಿನ ಕೆಳಗೆ ಬಿಳಿ ಹಾಳೆ ಹಾಸತೊಡಗಿದ. ದಿನಕ್ಕೆ ನಾಲ್ಕು ಸಲ ಬಗ್ಗಿ ಆ ಹಾಳೆಯನ್ನು ನೋಡುತ್ತಿದ್ದ.

ಇಷ್ಟರಲ್ಲಿ ಕಾರಿನೊಳಗೆ ಒಂದು ಕಟ್ಟಳೆ ಬಂದಿತ್ತು. ಕಸ್ತೂರಿ ಏನಾದರೂ ಹೇಳಲು ಬಾಯಿ ತೆರೆದರೆ ಮುದ್ರಕ ಸ್ಟೇರಿಂಗಿನಿಂದ ಎಡಗೈ ಎತ್ತುತ್ತಿದ್ದ. ಸುಮ್ಮನಿರು, ಕೇಳಬೇಕು ಎಂದರ್ಥ. ಅವಳು ಸುಮ್ಮನಾಗುತ್ತಿದ್ದಳು. ಹೋಗುವಾಗ ನಲವತ್ತು ಕಿಲೋಮೀಟರ್, ಬರುವಾಗ ನಲವತ್ತು. ವಾರಕ್ಕೆರಡು ಸಲ. ಮನೆಯಲ್ಲೂ ಅವನ ಕಿವಿ ಅಂಗಳದ ಕಡೆಗೇ ಇರುತ್ತಿತ್ತು. ಹೀಗೆ ಎಂಟು ತಿಂಗಳು ನಡೆಯಿತು. ಆ ಎಂಟು ತಿಂಗಳಲ್ಲಿ ಕಾರು ಒಂದು ಸಲವೂ ದಾರಿಯಲ್ಲಿ ನಿಲ್ಲಲಿಲ್ಲ.

ಒಂದು ಗುರುವಾರ ಸಂಜೆ ಕಸ್ತೂರಿ ಕೈ ಮುಟ್ಟಿಕೊಂಡಾಗ ನಡುಕ ಕಡಿಮೆ ಎನಿಸಿತು. ಇದ್ದರೂ ಇದ್ದೀತು, ನಾಳೆ ಹೇಗೂ ಹೋಗುವುದಿದೆ ಎಂದುಕೊಂಡಳು. ಶುಕ್ರವಾರ ಬೆಳಿಗ್ಗೆ ಮುಟ್ಟಿದಳು. ಮತ್ತೆ ಮುಟ್ಟಿದಳು. ಅಂಗಳಕ್ಕೆ ಬಂದು ಗಂಡನನ್ನು ಕರೆದಳು. ಅವನ ಕಾಲುಗಳು ಮಾತ್ರ ಕಾರಿನ ಕೆಳಗಿನಿಂದ ಕಾಣುತ್ತಿದ್ದವು.

“ಏನ್ರೀ, ಕೈಯಾಗ...”

“ಒಂದ ನಿಮಿಷ” ಎಂದು ಕೆಳಗಿನಿಂದ ದನಿ ಬಂತು.

ಅವಳು ಅಲ್ಲೇ ನಿಂತಿದ್ದಳು. ಅವನು ಹೊರಗೆ ಬಂದವನು ಕೈ ತೊಳೆದು, ಹೊತ್ತಾಯಿತು, ಕಾರು ಹತ್ತು ಎಂದ. ದಾರಿಯಲ್ಲಿ ಅವಳು ಇನ್ನೊಮ್ಮೆ ಬಾಯಿ ತೆರೆದಳು. ಅವನ ಎಡಗೈ ಎದ್ದಿತು. ಹೇಗೂ ಆಸ್ಪತ್ರೆಗೇ ಹೋಗುತ್ತಿದ್ದೇವಲ್ಲ ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ಆಸ್ಪತ್ರೆಯಲ್ಲಿ ಸಿಸ್ಟರ್ ಅವಳ ಕೈ ಹಿಡಿದು ಬೆರಳಿಟ್ಟಳು. ಬೆರಳು ಸರಿಸಿ ಇನ್ನೊಂದು ಕಡೆ ಇಟ್ಟಳು. ಸ್ಟೆತೊಸ್ಕೋಪ್ ಹಚ್ಚಿ ಕೇಳಿದಳು.

“ಇದು ಯಾವಾಗ ನಿಂತಿತು?”

“ನಿನ್ನೆ ಸಂಜೀಕ ಕಡಿಮಿ ಇತ್ತು. ಬೆಳಿಗ್ಗೆ ಇರಲಿಲ್ಲ” ಎಂದಳು ಕಸ್ತೂರಿ.

ಸಿಸ್ಟರ್ ಮುದ್ರಕನ ಕಡೆ ತಿರುಗಿದಳು. “ಇವರು ನಿಮಗೆ ಹೇಳಲಿಲ್ಲವೇ?”

ಅವನು ಹೆಂಡತಿಯನ್ನು ನೋಡಿದ. ಹೇಳಲು ಹೋಗಿದ್ದೆ, ಇವರು ಕೇಳಲಿಲ್ಲ ಎಂದು ಅವಳು ದೂರಿದ್ದರೆ ಅವನಿಗೆ ಸ್ವಲ್ಪ ಹಗುರಾಗುತ್ತಿತ್ತು.

ರಕ್ತ ಹೆಪ್ಪುಗಟ್ಟಿದೆ ಎಂದರು ವೈದ್ಯರು. ಅದನ್ನು ತೆಗೆಯುವ ಶಸ್ತ್ರವೈದ್ಯರು ಅಲ್ಲಿರಲಿಲ್ಲ. ಇನ್ನೂ ತೊಂಬತ್ತು ಕಿಲೋಮೀಟರ್ ದೂರದ ದೊಡ್ಡ ಆಸ್ಪತ್ರೆಗೆ ಹೋಗಬೇಕು. ತಡವಾದಷ್ಟೂ ನಾಳ ಉಳಿಯುವ ಆಸೆ ಕಡಿಮೆ. ಡಯಾಲಿಸಿಸ್ ಕೂಡ ಅಲ್ಲೇ ಆಗಬೇಕು. ಇಲ್ಲದಿದ್ದರೆ ಮತ್ತೆ ಉಸಿರು ಕಟ್ಟುತ್ತದೆ. ಆಂಬುಲೆನ್ಸು ಬೇರೆ ರೋಗಿಯನ್ನು ಕರೆದುಕೊಂಡು ಹೋಗಿತ್ತು. ಕಾಯಬೇಡಿ, ನಿಮ್ಮ ಗಾಡಿಯಲ್ಲೇ ಹೊರಡಿ, ನಾನು ಫೋನು ಮಾಡಿರುತ್ತೇನೆ ಎಂದರು ವೈದ್ಯರು.

ಮುದ್ರಕ ಆ ಕಾರಿನಲ್ಲಿ ಅಷ್ಟು ದೂರ ಹೋಗಿರಲಿಲ್ಲ. ಊರು ದಾಟಿದ ಮೇಲೆ ಮೊದಲ ತಿರುವಿನಲ್ಲಿ ಮುಂದಿನ ಎಡ ಚಕ್ರದ ಕಡೆಯಿಂದ ಕಟಕಟ ಎಂದಿತು. ಎರಡನೆಯ ತಿರುವಿನಲ್ಲೂ ಅಂದಿತು. ಇದು ಅವನು ಎಂದೂ ಕೇಳಿರದ ಸಪ್ಪಳ. ಅಂಗೈ ಬೆವೆತು ಸ್ಟೇರಿಂಗು ಜಾರುತ್ತಿತ್ತು. ಎಂಟು ತಿಂಗಳು ಅವನು ಹೆದರಿದ್ದು ಈ ಸಪ್ಪಳಕ್ಕೇ.

ಕಾರನ್ನು ಪಕ್ಕಕ್ಕೆ ನಿಲ್ಲಿಸಿದ. ಬಾನೆಟ್ ತೆಗೆಯಲಿಲ್ಲ. ದಾವಲಸಾಬನಿಗೆ ಫೋನು ಮಾಡಿ ಸಪ್ಪಳವನ್ನು ವಿವರಿಸಿದ, ಎಲ್ಲಿಗೆ ಹೊರಟಿದ್ದೇನೆಂದೂ ಹೇಳಿದ.

ದಾವಲಸಾಬ ಕೇಳಿದ: “ಸ್ಟೇರಿಂಗು ನಡುಗತೈತೇನ್ರಿ?”

“ಇಲ್ಲ.”

“ಬ್ರೇಕ ಹಿಡಿದ್ರ ಒಂದ ಕಡೆ ಎಳಿತೈತೇನು?”

“ಇಲ್ಲ.”

“ಇಳದು ಚಕ್ರದ ನಡುವ ಕೈ ಇಡ್ರಿ. ಸುಡತೈತೇನು?”

ಅವನು ಇಳಿದು ಕೈಯಿಟ್ಟ. ಬಿಸಿಯಿತ್ತು, ಸುಡುತ್ತಿರಲಿಲ್ಲ. ಚಕ್ರದ ನಟ್ಟುಗಳನ್ನು ಬೆರಳಿನಿಂದ ಮುಟ್ಟಿ ನೋಡಿದ. ಎಲ್ಲ ಗಟ್ಟಿಯಾಗಿದ್ದವು.

“ಹಂಗಾರ ಹೋಗ್ರಿ. ತಿರುವಿನ್ಯಾಗ ಸಾವಕಾಶ. ಇವತ್ತ ಮುಟ್ಟಸತೈತಿ. ಬಂದ ಮ್ಯಾಲ ನಾ ನೋಡತೀನಿ.”

ಮುದ್ರಕ ಆ ಮಾತನ್ನು ನಂಬಿದ. ನಂಬದೆ ಬೇರೆ ದಾರಿ ಇರಲಿಲ್ಲ ಎನ್ನಬಹುದು. ಆದರೂ ನಂಬಿದ. ಮತ್ತೆ ಕಾರು ಹೊರಡಿಸಿದ. ಸಪ್ಪಳ ಬರುತ್ತಲೇ ಇತ್ತು. ಕಸ್ತೂರಿ ಸುಮ್ಮನೆ ಕುಳಿತಿದ್ದಳು. ಅವಳಿಗೆ ಅದು ರೂಢಿಯಾಗಿತ್ತು.

“ಮಾತಾಡು” ಎಂದ ಅವನು.

“ಏನ ಮಾತಾಡ್ಲಿ?”

“ಏನಾರ ಮಾತಾಡು. ಸುಮ್ಮನ ಕುಂದರಬ್ಯಾಡ.”

ಅವಳು ತಡವರಿಸುತ್ತಾ ಶುರು ಮಾಡಿದಳು. ತಂಗಿಯ ಮಗಳು ಟೈಪಿಂಗ್ ಪರೀಕ್ಷೆಯಲ್ಲಿ ಪಾಸಾದದ್ದನ್ನು ಹೇಳಿದಳು. ಅದು ಆರು ತಿಂಗಳ ಹಿಂದಿನ ಸುದ್ದಿ. ಡಯಾಲಿಸಿಸ್ಸಿನಲ್ಲಿ ಪಕ್ಕದ ಹಾಸಿಗೆಗೆ ಬರುತ್ತಿದ್ದ ಹೂವಾಡಗಿತ್ತಿ ತೀರಿಹೋದದ್ದನ್ನು ಹೇಳಿದಳು. ಅವನಿಗೆ ಆ ಹೆಂಗಸಿನ ಮುಖವೇ ನೆನಪಾಗಲಿಲ್ಲ. ಉಪ್ಪಿಲ್ಲದ ಸಾರು ಈಗ ಗಂಟಲಲ್ಲಿ ಇಳಿಯುವುದಿಲ್ಲ ಎಂದಳು. ಎಡಗೈಯ ಬೆರಳುಗಳು ಚಳಿಗಾಲದಿಂದ ಜೋಮು ಹಿಡಿಯುತ್ತಿವೆ ಎಂದಳು. ಅದನ್ನು ಕೇಳಿ ಅವನು ಅವಳ ಕೈ ಕಡೆ ನೋಡಿದ. ಉಗುರುಗಳು ಬಿಳಿಚಿಕೊಂಡಿದ್ದವು. ಎಂದಿನಿಂದ ಹಾಗಿದ್ದವೋ ಅವನಿಗೆ ತಿಳಿಯಲಿಲ್ಲ.

ಅರವತ್ತು ಕಿಲೋಮೀಟರ್ ದಾಟಿದ ಮೇಲೆ ಅವಳು ರಸ್ತೆ ನೋಡುತ್ತಾ ಹೇಳಿದಳು: “ಮೂರು ತಿಂಗಳಿಂದ ನಿಮಗೊಂದು ಹೇಳಬೇಕಂತ ಮಾಡಿದ್ದೆ. ಇದನ್ನೆಲ್ಲ ಬಿಟ್ಟಬಿಡೂಣು ಅನಸ್ತಿತ್ತು. ಸೂಜಿ ಚುಚ್ಚಿಸ್ಕೊಳ್ಳೂದು, ಹೋಗೂದು, ಬರೂದು. ನಾ ಇದನ್ನ ಬಿಟ್ರ ನೀವು ನೆಟ್ಟಗ ನಿದ್ದಿ ಮಾಡತೀರಿ ಅಂತ.”

ಬಿಟ್ಟುಬಿಡುವುದೆಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಅವನು ಕಾರು ನಿಲ್ಲಿಸಲಿಲ್ಲ. ನಿಲ್ಲಿಸುವ ಹೊತ್ತಲ್ಲ ಅದು. ರಸ್ತೆಯ ಮೇಲೆ ಕಣ್ಣಿಟ್ಟೇ ಕೇಳಿದ.

“ಮೂರು ತಿಂಗಳು ಒಬ್ಬಾಕೀನ ಇದನ್ನ ಇಟಗೊಂಡಿದ್ದೇನು?”

“ನೀವು ಸಪ್ಪಳ ಕೇಳಾಕತ್ತಿದ್ರಿ” ಎಂದಳು ಅವಳು. ಆ ದನಿಯಲ್ಲಿ ದೂರು ಇರಲಿಲ್ಲ.

ಅವನಿಗೆ ರಸ್ತೆ ಮಸುಕಾಯಿತು. ಕಣ್ಣೊರೆಸಿಕೊಂಡು ಕಾರು ಓಡಿಸಿದ. “ಈಗೂ ಹಂಗ ಅನಸತೈತೇನು?” ಎಂದು ಕೇಳಿದ. ಒಂದು ಹಳ್ಳಿ ಬಂದು ಹೋಯಿತು. “ಈಗ ಅಂಜಿಕಿ ಬರಾಕತ್ತೇತಿ” ಎಂದಳು. “ಕೈ ನಿಂತಮ್ಯಾಲ ಗೊತ್ತಾತು, ನನಗ ಬಿಡೂದು ಬ್ಯಾಡಾಗೇತಿ.”

ಮಧ್ಯಾಹ್ನ ಎರಡಕ್ಕೆ ಅವರು ದೊಡ್ಡ ಆಸ್ಪತ್ರೆ ಮುಟ್ಟಿದರು. ಶಸ್ತ್ರವೈದ್ಯರು ಕಾಯುತ್ತಿದ್ದರು. ಒಂದೂವರೆ ಗಂಟೆ ಪ್ರಯತ್ನ ಮಾಡಿದರು. ಆ ನಾಳ ಮತ್ತೆ ತೆರೆಯಲಿಲ್ಲ. ನಿನ್ನೆ ಸಂಜೆಯೇ ಬಂದಿದ್ದರೆ ಏನಾಗುತ್ತಿತ್ತು ಎಂದು ಮುದ್ರಕ ಕೇಳಿದ. ಹೇಳಲಾಗದು ಎಂದರು ಅವರು. ಕುತ್ತಿಗೆಯಲ್ಲಿ ನಳಿಗೆ ಇಟ್ಟು ಅಂದೇ ಡಯಾಲಿಸಿಸ್ ಮಾಡಿದರು. ಎರಡು ತಿಂಗಳಾದ ಮೇಲೆ ಬಲಗೈಯಲ್ಲಿ ಹೊಸದಾಗಿ ನಾಳ ಸೇರಿಸಿದರು. ಅವಳು ಬದುಕಿಕೊಂಡಳು. ಬಲಗೈಯಾದ್ದರಿಂದ ಹಾಳೆ ಮಡಚುವ ಕೆಲಸ ಮಾತ್ರ ಮೊದಲಿನ ಹಾಗೆ ಆಗಲಿಲ್ಲ.

ಮುದ್ರಕ ಆ ಕಾರನ್ನೇ ಇಟ್ಟುಕೊಂಡ. ಹೋಗುವ ದಿನ ಬೆಳಿಗ್ಗೆ ಆಯಿಲ್ ನೋಡುತ್ತಾನೆ, ಕೂಲೆಂಟು ನೋಡುತ್ತಾನೆ, ಟೈರು ನೋಡುತ್ತಾನೆ. ಹತ್ತು ನಿಮಿಷವಾದ ಕೂಡಲೇ ಬಾನೆಟ್ ಮುಚ್ಚುತ್ತಾನೆ. ಮುಚ್ಚುವಾಗ ಈಗಲೂ ಅವನ ಕೈ ಒಂದು ಗಳಿಗೆ ತಡೆಯುತ್ತದಂತೆ. ಭಯ ಪೂರ್ತಿ ಹೋಗಿದೆಯೆಂದು ಅವನು ಹೇಳುವುದಿಲ್ಲ. ಆದರೆ ಕಾರು ಹೊರಟ ಮೇಲೆ ಕಸ್ತೂರಿ ಮಾತಾಡುತ್ತಾಳೆ, ಅವನು ಕೇಳುತ್ತಾನೆ.

ಗುರುಗಳು ಇಲ್ಲಿಗೆ ಮಾತು ನಿಲ್ಲಿಸಿದರು.

ಶಿಷ್ಯನ ಹುಬ್ಬು ಗಂಟಿಕ್ಕಿತ್ತು.

“ಗುರುಗಳೇ, ಆ ಎಡ ಚಕ್ರದ ಕಟಕಟ ಸಪ್ಪಳ ಯಾವುದರದು? ದಾವಲಸಾಬ ಅದನ್ನು ಸರಿಮಾಡಿದನೇ?”

ಗುರುಗಳು ಅವನ ಮುಖವನ್ನೇ ನೋಡಿದರು.

“ಆಕೆ ಈಗ ಹೇಗಿದ್ದಾಳೆಂದು ನೀನು ಕೇಳಲಿಲ್ಲ” ಎಂದರು.